ಸೀಟಿನ ಪೈಪು, ಅತ್ತೆಯ ಹೆಬ್ಬೆರಳು

ಬೀಬೀಜಾನಳ ಹೆಬ್ಬೆರಳು ಸೈಕಲ್ಲಿನ ಸೀಟು ಕೂರಿಸುವ ತೂತಿನೊಳಗೆ ಸಲೀಸಾಗಿ ಹೋಯಿತು. ಹೊರಗೆ ಮಾತ್ರ ಬರಲಿಲ್ಲ.

"ಅಮ್ಮಾ, ಅಳತಿ ಸಿಕ್ತೇನು?" ಹ್ಯಾಂಡಲ್ ಹಿಡಿದು ನಿಂತಿದ್ದ ಸೊಸೆ ದಿಲನಾಜ ಕೇಳಿದಳು.

"ಅಳತೀನೂ ಸಿಕ್ತು, ನಾನೂ ಸಿಕ್ಕೊಂಡೆ."

ಅದು ಭಂಗಾರ್ ಅಂಗಡಿಯ ಗುಜರಿ ರಾಶಿಯಿಂದ ತಂದ ಸೈಕಲ್. ಚಕ್ರ, ಬ್ರೇಕು, ಗಂಟೆ ಎಲ್ಲ ನೆಟ್ಟಗಿದ್ದವು. ಸೀಟೂ ಇತ್ತು. ಸೀಟನ್ನು ಹೊತ್ತು ಫ್ರೇಮಿನೊಳಗೆ ಇಳಿಯುವ ಪೈಪೊಂದೇ ಇರಲಿಲ್ಲ. ಬೆಳಗಿನಿಂದ ಎರಡು ಪೈಪು ತಂದು ನೋಡಿದ್ದಾಗಿತ್ತು. ಮೊದಲನೆಯದು ಬಾವಿಗೆ ಬಿದ್ದ ಕೊಡದ ಹಾಗೆ ಸರ್ರನೆ ತಳ ಸೇರಿತು. ಎರಡನೆಯದು ಬಾಗಿಲಲ್ಲೇ ನಿಂತು ಒಳಗೆ ಬರಲಾರೆ ಎಂದಿತು. ಮಧ್ಯಾಹ್ನದ ಅಜಾನ್ ಆಗುವುದರೊಳಗೆ ದಿಲನಾಜ ಸ್ಟೇಷನ್ ಹತ್ತಿರದ ಔಷಧಿ ಅಂಗಡಿಯಲ್ಲಿ ಹಾಜರಿರಬೇಕು. ಮನೆಮನೆಗೆ ಔಷಧಿ ಮುಟ್ಟಿಸುವ ಕೆಲಸ, ಸ್ವಂತ ಸೈಕಲ್ ಇದ್ದವರಿಗೆ ಮಾತ್ರ. ತಡಮಾಡಿದರೆ ಇನ್ನೊಬ್ಬಳು ಕಾದು ಕೂತಿದ್ದಾಳೆ. ಮದುವೆಯಾಗಿ ವಿಜಯಪುರದಿಂದ ಮುಂಬೈಯ ಜೋಗೇಶ್ವರಿಯ ಚಾಳಿಗೆ ಬಂದವಳಿಗೆ ಇದು ಮೊದಲ ನೌಕರಿ. ಕೈಗೆ ಬಂದ ತುತ್ತು ಬಾಯಿಗೆ ಬರದೇ ಹೋದೀತೆಂದು ಅವಳ ಜೀವ ಪುಕಪುಕ ಎನ್ನುತ್ತಿತ್ತು.

ಬೀಬೀಜಾನಳಿಗೆ ಅಂಥ ಪುಕಪುಕ ಗೊತ್ತಿಲ್ಲ. ಚಾಳಿನ ಬಾಯಿಗೇ ಬಳೆ ಅಂಗಡಿ ಇಟ್ಟವಳು, ಟೇಪು ಮುಟ್ಟಿದವಳಲ್ಲ. ಗಿರಾಕಿಯ ಕೈ ಒಮ್ಮೆ ಹಿಚುಕಿದರೆ ಸೈಜು ಹೇಳುತ್ತಿದ್ದಳು. ಕೈಯಾದರೇನು ಕಬ್ಬಿಣವಾದರೇನು ಎಂದು ಇಲ್ಲಿಯೂ ಬೆರಳು ತೂರಿಸಿದ್ದಳು. ಈಗ ಎಳೆದಷ್ಟೂ ಬೆರಳು ಊದತೊಡಗಿತು.

"ನಡಿ ದುಲ್ಹನ್, ಈರಣ್ಣನ ಅಂಗಡಿಗೆ. ಹೆಂಗೂ ಅಳತಿ ಒಯ್ಯಬೇಕಿತ್ತಲ್ಲ."

ಮೆರವಣಿಗೆ ಹೊರಟಿತು. ಸೊಸೆ ಸೈಕಲ್ ನೂಕಿದಳು. ಸೀಟಿರಬೇಕಾದ ಜಾಗದಲ್ಲಿ ಅತ್ತೆ ಬಗ್ಗಿಕೊಂಡು ಓಡಿದಳು. ಸೊಸೆ ಬ್ರೇಕ್ ಹಿಡಿದಾಗೊಮ್ಮೆ ಅತ್ತೆ "ಅಲ್ಲಾ!" ಎನ್ನುತ್ತಿದ್ದಳು. ಮೀನಿನ ಬುಟ್ಟಿಯವಳು ನಿಂತು ನೋಡಿದಳು, ರಿಕ್ಷಾದವರು ಹಾರ್ನ್ ಬಾರಿಸಿದರು, ಚಾಳಿನವರು ಮೊಬೈಲ್ ಎತ್ತಿ ವಿಡಿಯೋ ಮಾಡಿಕೊಂಡರು. ದಿಲನಾಜಳಿಗೆ ಅಳು ಬರಬೇಕಾದ ಹೊತ್ತಿನಲ್ಲಿ ನಗು ಬಂತು. ನಗು ಅತ್ತೆಗೂ ಅಂಟಿಕೊಂಡು, ಇಬ್ಬರೂ ನಗುತ್ತ, ಬಿಕ್ಕುತ್ತ, ಈರಣ್ಣನ ಸೈಕಲ್ ಅಂಗಡಿ ಮುಟ್ಟಿದರು.

ಈರಣ್ಣ ಬಗ್ಗಿ ನೋಡಿದ. "ಪೈಪ್ ಕೊಡ್ತೀನಿ ಅಕ್ಕಾ. ಆದ್ರ ಮೊದಲ ಜಾಗಾ ಖಾಲಿ ಮಾಡ್ರಿ."

"ಮುಂಬೈಯೊಳಗ ಹಿಡದ ಜಾಗಾ ಯಾರ ಬಿಡ್ತಾರೋ?" ಎಂದಳು ಬೀಬೀಜಾನ.

ಗ್ರೀಸ್ ಹಚ್ಚಿ ಎಳೆದದ್ದಾಯಿತು. ಪಂಕ್ಚರ್ ನೋಡುವ ಬಕೆಟ್ಟಿನ ನೀರಿಗೆ ಸಾಬೂನು ಕದಡಿ ಸುರಿದದ್ದೂ ಆಯಿತು. ಈರಣ್ಣ ಬೆವರು ಒರೆಸಿಕೊಂಡ. "ಇನ್ನ ಕಟ್ ಮಾಡೋದ ಬಾಕಿ."

"ಬೆರಳೇನೋ?"

"ಫ್ರೇಮ್, ಅಕ್ಕಾ."

ದಿಲನಾಜಳ ಮುಖ ಬಾಡಿತು. ಅದನ್ನು ನೋಡಿದ ಬೀಬೀಜಾನ, "ಫ್ರೇಮ್ ಮುಟ್ಟಬ್ಯಾಡ. ಬೇಕಾದ್ರ ಬೆರಳ ಕೊಯ್ಯಿ. ನನಗ ಇನ್ನೊಂದೈತಿ," ಎಂದಳು.

ಆಗಲೇ ದಿಲನಾಜಳಿಗೆ ನೆನಪಾದದ್ದು. ಬಿಗಿ ಬಳೆ ಗೆಣ್ಣು ದಾಟದಿದ್ದಾಗ ಅತ್ತೆಗೊಂದು ಪಟ್ಟು ಇತ್ತು: ಸಾಬೂನು ಹಚ್ಚುವುದು, ಹುಡುಗಿಗೆ ಎದೆ ಧಸಕ್ಕೆನ್ನುವಂಥ ಏನಾದರೊಂದು ಸುಳ್ಳು ಹೇಳುವುದು. "ನೋಡ, ನಿನ್ನ ಗಂಡ ಹಿಂದ ನಿಂತಾನ!" ಹುಡುಗಿ ಬೆಚ್ಚಿ ತಿರುಗಿದಾಗ ಕೈ ಸಡಿಲಾಗುತ್ತಿತ್ತು, ಬಳೆ ಏರುತ್ತಿತ್ತು. ನಿಶ್ಚಯದ ದಿನ ದಿಲನಾಜಳ ಕೈಗೂ ಬಳೆ ಹೀಗೇ ಏರಿತ್ತು.

ಅವಳು ಅತ್ತೆಯತ್ತ ಬಗ್ಗಿದಳು. "ಅಮ್ಮಾ, ಈ ನೌಕರಿ ಸುದ್ದಿ ನಿಮ್ಮ ಮಗಗ ನಾ ಹೇಳೇ ಇಲ್ಲ."

"ಏನಂದಿ?" ಬೀಬೀಜಾನ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಎರಡೂ ಕೈ.

ಈರಣ್ಣ ಚಪ್ಪಾಳೆ ತಟ್ಟಿ, ಅಳೆಯುವ ಇಕ್ಕಳ ಹಿಡಿದು ಫ್ರೇಮಿನ ಕಡೆ ಬಗ್ಗಿದ. ಬೀಬೀಜಾನ ಬಿಡಲಿಲ್ಲ, ಮೊದಲು ತನ್ನ ಬೆರಳು ಅಳೆಯಬೇಕೆಂದಳು. ಕೆಂಪು ಗೆರೆ ಬಿದ್ದ ಕಡೆ ಅಳೆದ, ಆಮೇಲೆ ತೂತು ಅಳೆದ. ಎರಡೂ ಇಪ್ಪತ್ತೇಳು ಮಿಲಿಮೀಟರಿನ ಮೇಲೆ ಒಂಚೂರು.

"ಹೇಳಿದ್ನೋ ಇಲ್ಲೋ? ನನ್ನ ಕೈ ಎಂದೂ ತಪ್ಪಿಲ್ಲ!" ಎಂದು ಬೀಗಿದವಳು ಸೊಸೆಯತ್ತ ತಿರುಗಿದಳು. "ಈಗ ಅಂದದ್ದು ಸುಳ್ಳೋ, ಖರೆಯೋ?"

"ಖರೆ, ಅಮ್ಮಾ. ಬ್ಯಾಡ ಅಂತಾರ ಅಂತ ಅಂಜಿಕಿ ಬಂತು."

ಈರಣ್ಣ ಪೈಪು ಹುಡುಕುವ ನೆವದಲ್ಲಿ ಒಳಗೆ ಹೋದ. ಬೀಬೀಜಾನ ಬೆರಳನ್ನು ಬಾಯಿಯ ಹತ್ತಿರ ಹಿಡಿದು ಉಫ್ ಎಂದು ಊದಿಕೊಂಡಳು, ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇಷ್ಟ ವರ್ಷ ಸುಳ್ಳ ಹೇಳಿ ಹೇಳಿ ಬಳಿ ಇಡಸೀನಿ ನಾ. ನೀ ಖರೆ ಹೇಳಿ ಬೆರಳ ಬಿಡಸಿದಿ ನೋಡು," ಎಂದಳು. ಆಮೇಲೆ ಒಳಗೆ ಕೂಗಿದಳು: "ಈರಣ್ಣಾ, ಸೀಟ್ ಜರಾ ಎತ್ತರ ಇಡು. ನಮ್ಮ ಹುಡುಗಿ ಕಾಲು ಉದ್ದ!"

ಪೈಪು ಬೆಣ್ಣೆಯಲ್ಲಿ ಚೂರಿ ಇಳಿದಂತೆ ಇಳಿಯಿತು, ಬೇಕೆಂದಲ್ಲಿ ನಿಂತಿತು. ದಿಲನಾಜ ದುಪಟ್ಟಾ ಸೊಂಟಕ್ಕೆ ಬಿಗಿದು ಹತ್ತಿದಳು, ಒಮ್ಮೆ ಓಲಾಡಿ ನೆಟ್ಟಗಾದಳು, ಗಂಟೆ ಬಾರಿಸುತ್ತ ಸ್ಟೇಷನ್ ರಸ್ತೆಗೆ ಬಿದ್ದಳು. ಅಜಾನ್ ಇನ್ನೂ ಆಗಿರಲಿಲ್ಲ.

ಆಗಲೇ ಬೀಬೀಜಾನಳ ಫೋನು ಬಡಿದುಕೊಂಡಿತು. ಚಾಳಿನವರ ವಿಡಿಯೋ ವಿಕ್ರೋಳಿಯಲ್ಲಿ ಕೆಲಸದಲ್ಲಿದ್ದ ಮಗ ಅಫ್ತಾಬನಿಗೂ ಮುಟ್ಟಿರಬೇಕು.

"ಅಫ್ತಾಬನ ಫೋನ್ ಐತಿ. ಎತ್ರಿ ಅಕ್ಕಾ," ಎಂದ ಈರಣ್ಣ.

ಬೀಬೀಜಾನ ಊದಿದ ಹೆಬ್ಬೆರಳನ್ನು ಅವನ ಮೂಗಿನ ಮುಂದೆ ಹಿಡಿದಳು. "ಹೆಂಗ ಎತ್ತಲಿ? ಬೆರಳ ನೋಡು ಹೆಂಗಾಗೇತಿ."

ಎಂದವಳೇ ಉಳಿದ ಎಲ್ಲ ಬೆರಳುಗಳನ್ನೂ ಮೇಲೆತ್ತಿ, ಬಳೆ ಘಲ್ಲೆನ್ನುವಂತೆ, ದೂರವಾಗುತ್ತಿದ್ದ ಸೈಕಲ್ಲಿಗೆ ಕೈ ಬೀಸಿದಳು.