ಮಾತು ಕೇಳದ ನೊಣಗಳು

ವರ್ಣತಂತುವಿನ ಒಂದು ತುಂಡು ತಲೆಕೆಳಗಾಗಿ ಕೂತರೆ ಹಣ್ಣಿನ ನೊಣಗಳ ಸಂತತಿಯಲ್ಲಿ ವೈವಿಧ್ಯ ಹೆಚ್ಚುತ್ತದೆ ಎಂಬುದು ಪ್ರೊಫೆಸರರ ಸಿದ್ಧಾಂತ. ಅದನ್ನು ಹೇಳಿಕೊಂಡೇ ಅವರು ತಲೆ ನರೆಸಿಕೊಂಡಿದ್ದರು. ಅವರ ಸಂಶೋಧನಾ ವಿದ್ಯಾರ್ಥಿನಿ ತೇಜಾವತಿ ಕಂಪ್ಯೂಟರಿನೊಳಗೆ ಸಾಕಿದ ನೊಣಗಳಿಗೆ ಮಾತ್ರ ಈ ಸಂಗತಿ ಗೊತ್ತಿರಲಿಲ್ಲ. ತುಂಡನ್ನು ತಿರುಗಿಸಿ ಕೂರಿಸಿದಾಗಲೆಲ್ಲ ಪರದೆಯ ಮೇಲೆ ವೈವಿಧ್ಯದ ಗೆರೆ ಕೆಳಗೇ ಇಳಿಯುತ್ತಿತ್ತು.

“ಗೆರೆ ಮೇಲೆ ಹೋಗೋವರೆಗೂ ನಿನ್ನ ಥೀಸಿಸ್‌ಗೆ ನನ್ನ ಸಹಿ ಇಲ್ಲಮ್ಮ.”

“ನೊಣಗಳೇ ಹಾಗ್ ಮಾಡ್ತಿವೆ ಸಾರ್, ನಾನೇನ್ ಮಾಡ್ಲಿ?”

“ಸಾಕಿದ್ದು ನೀನು ತಾನೇ? ಬುದ್ಧಿ ಕಲಿಸು. ಏನಾದ್ರೂ ಬದಲಾಯ್ಸು, ನನ್ನ ತಲೆ ತಿನ್ಬೇಡ.”

ಸಹಿ ಬೀಳದಿದ್ದರೆ ಅವಳಿಗಾಗಿ ಕಾದಿದ್ದ ಕಾಲೇಜಿನ ಕೆಲಸ ಕೈತಪ್ಪುತ್ತಿತ್ತು. ಅವಳು ಬದಲಾಯಿಸಿದಳು.

ಸೋಮವಾರ ಗೆರೆ ಜಿಗಿದು ಮೇಲೇರಿತು. ಪ್ರೊಫೆಸರರು ಇಡೀ ವಿಭಾಗವನ್ನೇ ಕರೆಸಿ, ಪರದೆಯ ಮುಂದೆ ಎದೆಯುಬ್ಬಿಸಿ ನಿಂತು, ಸಿಹಿ ಹಂಚಿ, ಎಲ್ಲರೆದುರೇ ಥೀಸಿಸ್‌ಗೆ ದೊಡ್ಡದಾಗಿ ಸಹಿ ಜಡಿದರು.

“ಈಗ ಹೇಳಮ್ಮ ಇವರಿಗೆಲ್ಲ, ಅಂಥದ್ದೇನು ಬದಲಾಯ್ಸಿದೆ?”

ಅವಳು ಥೀಸಿಸ್ಸನ್ನು ಬ್ಯಾಗಿಗೆ ಸೇರಿಸಿ ಜಿಪ್ ಎಳೆದಳು.

“ಆ ತಲೆಕೆಳಗಾದ ತುಂಡನ್ನೇ ತೆಗ್ದುಬಿಟ್ಟೆ ಸಾರ್.”