ಮಂಡಿನೋವಿನ ಕಷಾಯ

ಪಕ್ಕದ ಮನೆಯ ದೋರ್ಕಾಸ್ ಬೇಲಿಯಾಚೆಯಿಂದ ಕೊಟ್ಟ ಸುಟ್ಟ ಮೀನನ್ನು ಕಾರ್ಸಿನೆಮ್ ಸೊಸೆಯ ಕೈಯಿಂದ ಕಿತ್ತುಕೊಂಡು ಬಾತುಗಳ ಮುಂದೆ ಎಸೆದಳು.

“ಎಷ್ಟು ಸಲ ಹೇಳ್ಬೇಕು ನಿಂಗೆ? ಆ ಹೆಂಗಸು ಕೊಟ್ಟಿದ್ದನ್ನ ಮುಟ್ಟಬೇಡ ಅಂತ. ಏನು ಮಂತ್ರಿಸಿ ಕೊಡ್ತಾಳೋ!”

“ಬರೀ ಮೀನು ಅತ್ತೆ,” ಎಂದಳು ರೆತ್ನೊ.

“ಅಂಥ ಬರೀ ಮೀನು ತಿಂದೇ ನಿನ್ನ ಹೊಟ್ಟೆ ಬರಿದಾಗಿರೋದು.”

ಬಾತುಗಳು ಕಚ್ಚಾಡಿ ತಿಂದವು. ಅವುಗಳಿಗೇನೂ ಆಗಲಿಲ್ಲ. ಕಾರ್ಸಿನೆಮ್ ಅದನ್ನು ನೋಡಲಿಲ್ಲ. ಬೇಡವಾದುದನ್ನು ನೋಡದಿರುವ ಅಭ್ಯಾಸ ಆಕೆಗೆ ಚೆನ್ನಾಗಿಯೇ ಇತ್ತು.

ಜಾವಾ ಬಿಟ್ಟು ಬಂದ ಈ ಮನೆಯವರಿಗೆ ಸೆಂತಾನಿ ಸರೋವರದ ದಡದಲ್ಲಿ ಪಾಪುವಾದ ಜನ, ದೋರ್ಕಾಸಳ ಕುಲದವರು, ನೆಲ ತೋರಿಸಿದ್ದರು, ನೀರು ತೋರಿಸಿದ್ದರು. ಕಾರ್ಸಿನೆಮ್ ಮೊದಲು ಮಾಡಿದ ಕೆಲಸವೆಂದರೆ ಅವರು ಒಳಬರದಂತೆ ಬೇಲಿ ಹಾಕಿಸಿದ್ದು. “ಕಾಡುಜನ. ಸೊಪ್ಪು ಯಾವುದು ಕಳೆ ಯಾವುದು ಅಂತಾನೂ ಗೊತ್ತಿಲ್ಲ ಇವರಿಗೆ,” ಎನ್ನುತ್ತಿದ್ದಳು. ತನಗೆ ಗೊತ್ತಿತ್ತು. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಬೀದಿಬೀದಿಯಲ್ಲಿ ಕಷಾಯ ಮಾರಿದವಳ ಮಗಳು ಆಕೆ. ಹಡಗು ಹತ್ತುವಾಗ ಒಡವೆಗಿಂತ ಜೋಪಾನವಾಗಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದದ್ದು ಕರಿನೆಕ್ಕಿ ಎಂಬ ಔಷಧಿ ಗಿಡದ ಕಡ್ಡಿಗಳನ್ನು. ಅವು ಈಗ ಅಡುಗೆಮನೆಯ ಹಿಂದೆ ಎದೆಯೆತ್ತರ ಬೆಳೆದಿದ್ದವು.

ಮಗ ವಿರ್ಯೊನೊ ಮಾಂಸದುಂಡೆಯ ಸಾರಿನ ಗಾಡಿಯನ್ನು ದಿನವಿಡೀ ಏರು ರಸ್ತೆಯಲ್ಲಿ ತಳ್ಳಿಕೊಂಡು ಹೋಗಿ ಬರುತ್ತಿದ್ದ. ಸಂಜೆ ಅವನ ಮಂಡಿ ಹಿಡಿದುಕೊಳ್ಳುತ್ತಿತ್ತು. ತಾಯಿ ಕರಿನೆಕ್ಕಿ ಎಲೆ ಕುದಿಸಿ ಬಟ್ಟಲು ತುಂಬಿಸಿ ಕೊಡುತ್ತಿದ್ದಳು. ಅಡುಗೆಯೆಲ್ಲ ಸೊಸೆಯದು; ಈ ಪಾತ್ರೆಗೆ ಮಾತ್ರ ಬಂಜೆಯ ಕೈ ಸೋಕುವಂತಿರಲಿಲ್ಲ.

“ಕಹಿ ಅಮ್ಮಾ.”

“ಸಿಹಿ ಬೇಕಿದ್ರೆ ಮಿಠಾಯಿ ತಿನ್ನು. ಒಂದು ದಿನ ತಪ್ಪಿಸಿದ್ರೂ ಗುಣ ಹೋಗುತ್ತೆ, ಕುಡಿ.”

ಅವನು ತಪ್ಪಿಸಲಿಲ್ಲ. ಮಂಡಿ ನಿಜವಾಗಿಯೂ ಹಗುರಾಗುತ್ತಿತ್ತು.

ಹಗುರಾಗದೆ ಉಳಿದದ್ದು ರೆತ್ನೊಳ ಪಾಡು. ಮದುವೆಯಾಗಿ ಬಂದ ವಾರವೇ ದೋರ್ಕಾಸ್ ಬೇಲಿಯ ಮೇಲಿಂದ ಕೈ ಚಾಚಿ, ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟು, ತನ್ನ ಭಾಷೆಯಲ್ಲಿ ಏನೋ ಪಿಸುಗುಟ್ಟಿದ್ದಳು. ಅಂದಿನಿಂದಲೇ ಬಾಗಿಲು ಮುಚ್ಚಿತು ಎಂದು ಕಾರ್ಸಿನೆಮ್ ಲೆಕ್ಕ ಹಾಕಿದಳು. ಮಾಟ ಮಾಡಿದವಳು ಸುಮ್ಮನಾದರೂ ಇದ್ದಳೇ? ಆಗಾಗ ಬೇಲಿಗೆ ಬಂದು ಕೇಳುತ್ತಿದ್ದಳು: “ಏನಾದ್ರೂ ವಿಶೇಷಾನಾ ಮಗಳೇ?” ಮಾಡಿದ್ದು ಫಲಿಸಿದೆಯೋ ಎಂದು ವಿಚಾರಿಸುವವಳಂತೆ. ರೆತ್ನೊ ಇಲ್ಲವೆಂದು ತಲೆಯಾಡಿಸಿದಾಗಲೆಲ್ಲ ದೋರ್ಕಾಸ್ ಗೆಣಸನ್ನೋ ಸೊಪ್ಪನ್ನೋ ಅವಳ ಮಡಿಲಿಗೆ ತುರುಕಿ ಹೋಗುತ್ತಿದ್ದಳು.

ಆಸ್ಪತ್ರೆಯ ದಾದಿ ರೆತ್ನೊಳನ್ನು ಪರೀಕ್ಷಿಸಿ, “ನಿಂಗೇನೂ ತೊಂದರೆ ಇಲ್ಲ. ಗಂಡನ್ನ ಕರ್ಕೊಂಡು ಬಾ,” ಎಂದಿದ್ದಳು.

“ನನ್ನ ಮಗನ್ನ?” ಕಾರ್ಸಿನೆಮ್ ನಕ್ಕಳು. “ಒಳ್ಳೇ ಗೂಳಿ ಹಾಗಿದ್ದಾನೆ. ದಿನಾ ಔಷಧಿ ಹಾಕಿ ಸಾಕಿದ್ದೀನಿ. ಅವನನ್ನ ಪರೀಕ್ಷೆ ಮಾಡ್ತಾಳಂತೆ!”

ಕಡೆಗೆ ತೀರ್ಮಾನವಾಯಿತು. ರೆತ್ನೊ ಶುಕ್ರವಾರದ ಹಡಗಿನಲ್ಲಿ ತವರಿಗೆ. ಅದೇ ಹಡಗು ಮರಳಿ ಬರುವಾಗ ಬೇರೊಬ್ಬ ಹುಡುಗಿ. ಅವಳ ಫೋಟೋವನ್ನು ಕಾರ್ಸಿನೆಮ್ ನೆರೆಹೊರೆಯ ಜಾವಾದ ಹೆಂಗಸರಿಗೆಲ್ಲ ಆಗಲೇ ತೋರಿಸಿದ್ದಳು.

“ನೀವೊಂದು ಮಾತು ಆಡಬಾರದಾ ರೀ?” ಎಂದು ರೆತ್ನೊ ಗಂಡನನ್ನು ಕೇಳಿದಳು.

“ಅಮ್ಮ ಹೇಳಿದ ಮೇಲೆ ನಾನೇನು ಮಾಡ್ಲಿ?”

“ಅಮ್ಮ ಕೊಟ್ಟಿದ್ದನ್ನ ಕುಡೀರಿ. ಅದೊಂದು ಬರುತ್ತೆ ನಿಮಗೆ.”

ಅವನು ಮಂಡಿ ನೀವಿಕೊಂಡ.

ಶುಕ್ರವಾರ ಸಂಜೆ ಬಂದರಿಗೆ ಹೋಗುವ ವ್ಯಾನು ಹೊರಗೆ ಹಾರ್ನ್ ಹೊಡೆಯುತ್ತಿತ್ತು. ರೆತ್ನೊ ಪೆಟ್ಟಿಗೆ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದಳು. ಅತ್ತೆಯ ಪಾದ ಮುಟ್ಟಬೇಕೆಂದು. ಅತ್ತೆ ಒಲೆಯ ಮುಂದಿನಿಂದ ಏಳಲಿಲ್ಲ. ಕಷಾಯ ಕುದಿಯುತ್ತಿತ್ತು. ವಿರ್ಯೊನೊ ಬಟ್ಟಲಿಗಾಗಿ ಕಾಯುತ್ತಿದ್ದ.

ಆಗ ದೋರ್ಕಾಸ್ ಹಿತ್ತಲ ಬಾಗಿಲಿನಿಂದ ಒಳಗೇ ಬಂದುಬಿಟ್ಟಳು. ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಕೈಯಲ್ಲಿ ತೊಗಟೆಯ ನಾರಿನಿಂದ ಹೆಣೆದ ಚೀಲ, ಅದರೊಳಗೆ ದಾರಿಗೆಂದು ಸಾಗೂ ಮರದ ಹಿಟ್ಟಿನ ರೊಟ್ಟಿ.

“ಹೊರಗೆ! ಹೊರಗೆ ನಿಲ್ಲು!” ಕಾರ್ಸಿನೆಮ್ ಸೌಟು ಎತ್ತಿದಳು.

“ನಿಂತ್ಕೊತೀನಿ ಅಕ್ಕಾ, ಇದನ್ನ ಕೊಟ್ಟು,” ಎಂದು ದೋರ್ಕಾಸ್ ಚೀಲವನ್ನು ರೆತ್ನೊಳ ಹೆಗಲಿಗೆ ಹಾಕಿದಳು. “ನೀನು ಬಂದ ವರ್ಷಾನೇ ಹೆಣೆದಿಟ್ಟಿದ್ದೆ ಮಗಳೇ. ಕೂಸು ಮಲಗಿಸೋ ಚೀಲ. ಎಲ್ಲಿದ್ರೂ ಬೇಕಾಗುತ್ತೆ.”

“ಬಂಜೆಗೆ ಕೂಸಿನ ಚೀಲ! ನಾಚಿಕೆ ಆಗಲ್ವಾ ನಿಂಗೆ? ಇವಳ ಹೊಟ್ಟೆಗೆ ಬೀಗ ಹಾಕಿದ್ದೂ ಅಲ್ದೆ, ಅಣಕಿಸೋಕೆ ಬಂದಿದ್ದೀಯ!”

ದೋರ್ಕಾಸಳ ಗಮನ ಕಷಾಯದ ವಾಸನೆಯ ಕಡೆಗಿತ್ತು. ಅವಳ ಮೂಗು ಅರಳಿತ್ತು. ಒಲೆಯ ಬಳಿ ಬಾಗಿ, ಪಾತ್ರೆಯ ಅಂಚಿಗೆ ಅಂಟಿದ್ದ ಒಂದು ಎಲೆಯನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಆಮೇಲೆ ವಿರ್ಯೊನೊನ ಕಡೆಗೆ ತಿರುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಮುಖದಲ್ಲಿ ಮರುಕವಿತ್ತು.

“ಅಯ್ಯೋ ಪಾಪ. ಹೆಣ್ಣಿನ ಮನೆಯವರಿಗೆ ಕೊಡೋ ತೆರ ಇನ್ನೂ ಕೊಟ್ಟು ಮುಗಿಸಿಲ್ವಾ ನಿನ್ನ ಮಗ?”

“ಏನಂದೆ?” ಕಾರ್ಸಿನೆಮಳ ದನಿ ಏರಿತು. “ಮದುವೆ ದಿನಾನೇ ಕೊಡೋದನ್ನೆಲ್ಲ ಕೊಟ್ಟಿದ್ದೀವಿ ನಾವು! ನಿಮ್ಮ ಥರ ಕಲ್ಲುಕೊಡಲಿ, ಮಣಿಸರ ಅಂತ ವರ್ಷಗಟ್ಟಲೆ ಎಳೆಯೋರಲ್ಲ.”

“ಮತ್ತೆ ಇವನು ಇದನ್ನ ಯಾಕೆ ಕುಡೀತಾನೆ?”

“ಮಂಡಿಗೆ! ಮದುವೆಗೆ ಮುಂಚಿನಿಂದ, ಒಂದು ಸಂಜೇನೂ ಬಿಡದೆ, ನನ್ನ ಕೈಯಾರೆ ಕುಡಿಸಿದ್ದೀನಿ. ಔಷಧಿ ವಿಷಯ ನಿಂಗೇನು ಗೊತ್ತು?”

ದೋರ್ಕಾಸ್ ಎಲೆಯನ್ನು ಪಾತ್ರೆಗೆ ಮರಳಿ ಬಿಟ್ಟಳು. ಯಾರಿಗೂ ನೋವಾಗದಿರಲಿ ಎಂಬಂತೆ ಮೆಲ್ಲಗೆ ಹೇಳಿದಳು:

“ನಮ್ಮಲ್ಲಿ ಗಂಡಸರು ಇದನ್ನ ಕುಡಿಯೋದು ಮಂಡಿಗಲ್ಲ ಅಕ್ಕಾ, ತೆರ ತೀರೋವರೆಗೂ ಹೆಂಡತಿ ಬಸಿರಾಗಬಾರದು ಅಂತ.”