ಬಿಟ್ಟುಹೋದ ಗೆರೆ

ಉತ್ತರ ಯುರೋಪಿನ ಹಳೆಯ ನಾರ್ಸ್ ಪುರಾಣದ ಪುಸ್ತಕದಲ್ಲಿದ್ದ ತೋಳದ ಚಿತ್ರವನ್ನು ಕೂದಲೆಳೆಯಷ್ಟೂ ತಪ್ಪದಂತೆ ನಕಲು ಮಾಡಿದ್ದೇನೆಂಬ ಹೆಮ್ಮೆ ವಾರಿಜಾಳಿಗೆ. ಶಾಲು ಹೊದ್ದು ಬಂದ ಗಿರಾಕಿ ಮಾತ್ರ ತೋಳದ ಕಾಲನ್ನೇ ದಿಟ್ಟಿಸುತ್ತ ನಿಂತ.

“ಕಾಲಿಗೊಂದು ದಾರ ಇತ್ತಲ್ಲಮ್ಮ?”

“ಅದು ಹಾಳೆ ಮಡಚಿದ ಗೆರೆ ಅಂದ್ಕೊಂಡು ಬಿಟ್ಟುಬಿಟ್ಟೆ ಸಾರ್.”

“ದೇವರುಗಳು ಈ ತೋಳವನ್ನ ಕಟ್ಟಿಹಾಕಿದ್ದೇ ಆ ದಾರದಲ್ಲಿ. ಆಮೇಲೆ ಬಿಚ್ತೀವಿ ಅನ್ನೋ ಮಾತನ್ನ ತೋಳ ನಂಬಲಿ ಅಂತ ಅವರಲ್ಲೊಬ್ಬ ಅದರ ಬಾಯೊಳಗೆ ಕೈ ಇಟ್ಟಿದ್ದ. ಮೋಸ ಗೊತ್ತಾದ್ಮೇಲೆ ಆ ಕೈನ ಕಚ್ಚಿ ತುಂಡು ಮಾಡ್ತು.”

“ಈಗ್ಲೇ ಬರೀತೀನಿ. ಎಲ್ಲಿಂದ ಎಲ್ಲಿಗೆ ಅಂತ ತೋರಿಸಿ.”

ಹೊರಗೆ ಬೊಗಳುತ್ತಿದ್ದ ಬೀದಿನಾಯಿಗಳೆಲ್ಲ ಒಮ್ಮೆಗೇ ಸುಮ್ಮನಾದವು.

“ಬೇಗ ಬರಿಯಮ್ಮ,” ಎನ್ನುತ್ತ ಅವನು ಶಾಲಿನೊಳಗಿಂದ ಬಲಗೈ ಚಾಚಿದ. ಮಣಿಕಟ್ಟಿನಿಂದಾಚೆ ಏನೂ ಇರಲಿಲ್ಲ.